ಕಾಲಲ್ಲೇನಿತ್ತು

ಒಂದು ಗುರುವಾರ ಮಧ್ಯಾಹ್ನ ರುಬಿಯೇಲಾ ಒಂದೇ ಏಟಿಗೆ ಮೂವತ್ತೆಂಟು ಕೋಳಿಗಳನ್ನು ಸಾರಿಗೆ ಹಾಕಿಬಿಟ್ಟಳು. ಹಾಕಬೇಕಾಗಿದ್ದದ್ದು ಒಂದನ್ನು ಮಾತ್ರ, ಗಿಲ್ಮಾಳ ಹಿತ್ತಲಿನ 'ವಿಧವೆ' ಎಂಬ ಕರಿಕೋಳಿಯನ್ನು. ಆ ಕೋಳಿ ಹಿಂದಿನ ಭಾನುವಾರ ನಿಜವಾಗಿಯೂ ಗೆಣಸು ಬಾಳೆಕಾಯಿಗಳ ಜೊತೆ ಬೆಂದು ಸಾಂಕೋಚೊ ಸಾರಾಗಿತ್ತು. ಹಾಗಾಗಿ ಕಂಪ್ಯೂಟರಿನ ಪಟ್ಟಿಯಲ್ಲಿ ಅದರ ಸಾಲಿಗೆ ಹೋಗಿ, 'ಸ್ಥಿತಿ' ಎಂಬ ಕಡೆ 'ಮೊಟ್ಟೆಯಿಡುತ್ತಿದೆ' ಎಂದಿದ್ದುದನ್ನು 'ಸಾರಿನಲ್ಲಿ' ಎಂದು ತಿದ್ದಬೇಕಿತ್ತು. ರುಬಿಯೇಲಾ ತಿದ್ದಿದಳು. ಯಾವ ಕೋಳಿ ಎಂದು ಹೇಳುವುದನ್ನು ಮಾತ್ರ ಮರೆತಳು. 'ಮೂವತ್ತೆಂಟು ಸಾಲುಗಳು ಬದಲಾದವು' ಎಂದು ಯಂತ್ರ ತಣ್ಣಗೆ ಹೇಳಿತು.

"ಅಯ್ಯೋ ಮಾರಾಯ್ತಿ, ಕೊಯ್ಯಕ್ಕೆ ಅಂತ ಒಂದು ಕೋಳಿ ಕೊಟ್ರೆ ಊರಿಗೆ ಊರೇ ಉಣ್ಣೋ ಹಂಗೆ ಮಾಡಿದ್ಯಲ್ಲೇ," ಎಂದಳು ಪಕ್ಕದ ಕುರ್ಚಿಯ ಗಿಲ್ಮಾ. "ಈಗ ಅಷ್ಟು ದೊಡ್ಡ ಪಾತ್ರೆ ಯಾರ ಮನೆಯಿಂದ ತರಾಣ?"

ಕೋಣೆಯ ಹೆಂಗಸರೆಲ್ಲ ನಕ್ಕರು. ರುಬಿಯೇಲಾಳೂ ನಕ್ಕಳು. ಹತ್ತು ವರ್ಷಗಳಿಂದ ಬಸ್ ನಿಲ್ದಾಣದ ಬಳಿ ಅರೆಪಾ ಎಂಬ ಜೋಳದ ರೊಟ್ಟಿ ಸುಟ್ಟು ಮಾರುವ ಕೈ ಅದು. ಹಿಟ್ಟು ತಟ್ಟಿದ ಹಾಗೆ ಅಂಗೈಯಿಂದಲೇ ಕೀಲಿಮಣೆ ಬಡಿಯುವ ಅಭ್ಯಾಸ ಇನ್ನೂ ಹೋಗಿರಲಿಲ್ಲ.

ದೋನ್ಯಾ ಲಿಯೊನೋರ್ ಮಾತ್ರ ನಗಲಿಲ್ಲ. ಅವರು ಹಿಂದಿನಿಂದ ಬಂದು ಪರದೆ ನೋಡಿ, "ಯಾರದ್ದು?" ಎಂದರು. ಅಷ್ಟೇ. ಅವರು ಬೈಯುವ ರೀತಿಯೇ ಅದು.

ಕಾಫಿ ಬೆಳೆಗಾರರ ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಕಂಪ್ಯೂಟರ್ ವಿಭಾಗ ನೋಡಿಕೊಂಡು ನಿವೃತ್ತರಾದವರು ಲಿಯೊನೋರ್. ಯಂತ್ರಕ್ಕೆ ತಿಳಿಯುವುದು ಇನ್ಸರ್ಟ್, ಅಪ್‌ಡೇಟ್, ವೇರ್ ಎಂಬಂಥ ನಾಲ್ಕೈದು ಪರದೇಶಿ ಪದ. ಅವು ಹೆಂಗಸರ ನಾಲಗೆಗೆ ಹೊರಳುವುದಿಲ್ಲವೆಂದು ಅವರು ರಟ್ಟಿನ ಮೇಲೆ ಅವಕ್ಕೆ ಮನೆಮಾತಿನ ಹೆಸರು ಬರೆದು ಗೋಡೆಗೆ ತೂಗುಹಾಕಿದ್ದರು: ಸೇರಿಸು, ತಿದ್ದು, ಯಾರದ್ದು. ಸೇರಿಸುವುದು ಸುಲಭ, ಇದ್ದದ್ದರ ಕೆಳಗೆ ಒಂದು ಹೊಸ ಸಾಲು ಬಂದು ಕೂರುತ್ತದೆ. ತಿದ್ದುವುದು ಹಾಗಲ್ಲ. ಯಾರದ್ದು ಎಂದು ಹೇಳದೆ ತಿದ್ದಿದರೆ ಎಲ್ಲರದ್ದೂ ಕೆಡುತ್ತದೆ. ಪುಣ್ಯಕ್ಕೆ ಯಂತ್ರ ಬದಲಾವಣೆಯನ್ನು ಕೂಡಲೇ ನುಂಗದೆ ಬಾಯಲ್ಲಿಟ್ಟುಕೊಂಡಿರುವಂತೆ ಅವರು ಕಟ್ಟು ಹಾಕಿದ್ದರು. 'ಖಾಯಂ' ಎಂದರೆ ನುಂಗುತ್ತದೆ, 'ಬೇಡ' ಎಂದರೆ ಉಗುಳುತ್ತದೆ. ರುಬಿಯೇಲಾ ಬೇಡ ಎಂದಳು. ಮೂವತ್ತೆಂಟು ಕೋಳಿಗಳೂ ಎದ್ದುಬಂದು ಮತ್ತೆ ಮೊಟ್ಟೆಯಿಡತೊಡಗಿದವು, ಸತ್ತುಹೋಗಿದ್ದ ವಿಧವೆಯೂ ಸೇರಿ.

ಮೊದಮೊದಲು ಲಿಯೊನೋರ್ ಅಭ್ಯಾಸಕ್ಕೆ ಹಣ್ಣಿನ ಪಟ್ಟಿ ಕೊಟ್ಟಿದ್ದರಂತೆ. ಮಾವು ಪರಂಗಿ ತಪ್ಪಿದರೆ ಯಾರಿಗೇನು ನಷ್ಟ, ಹೆಂಗಸರು ಆಕಳಿಸುತ್ತಾ ಕೂತರು. ಆಮೇಲೆ ಅವರು ಪ್ರತಿಯೊಬ್ಬಳ ಹಿತ್ತಲಿನ ಕೋಳಿಗಳನ್ನು ಹೆಸರು ಬಣ್ಣ ಸಮೇತ ಪಟ್ಟಿಗೆ ಹಾಕಿಸಿದರು. ಅಲ್ಲಿಂದ ನೋಡಿ, ಒಬ್ಬಳ ಕೋಳಿಯ ಬಣ್ಣವನ್ನು ಇನ್ನೊಬ್ಬಳು ತಪ್ಪಾಗಿ ತಿದ್ದಿದರೆ ಜಗಳಕ್ಕೇ ಬರುತ್ತಿದ್ದರು. ತಮ್ಮದೆಂದರೆ ತಾನೇ ಮನುಷ್ಯರು ಕಣ್ಣು ಬಿಡುವುದು.

ಆದರೆ ಸಾಂತಾ ಬ್ರೀಹಿದಾ ಊರಿನ ಹನ್ನೆರಡು ಹೆಂಗಸರು ಪ್ರತಿ ಗುರುವಾರ ಕೆಲಸ ಬಿಟ್ಟು ಹಳೆಯ ತಂತಿ ಕಚೇರಿಗೆ ಬಂದು ಕೂರುತ್ತಿದ್ದದ್ದು ಕೋಳಿಗಳಿಗಾಗಿ ಅಲ್ಲ. ಅದೇ ಯಂತ್ರದಲ್ಲಿ ಇನ್ನೊಂದು ಪಟ್ಟಿ ಇತ್ತು. ಅದರಲ್ಲಿ ಇನ್ನೂರ ಹದಿನಾಲ್ಕು ಸಾಲು. ಒಂದೊಂದು ಸಾಲೂ ಕೆಟ್ಟ ವರ್ಷಗಳಲ್ಲಿ ಮನೆಯಿಂದಲೋ ದಾರಿಯಿಂದಲೋ ಹೋಗಿ ಇಂದಿಗೂ ಬಾರದ ಒಬ್ಬೊಬ್ಬ ಮನುಷ್ಯ. ಹೆಸರು, ವಯಸ್ಸು, ಎಲ್ಲಿಂದ ಹೋದದ್ದು, ಎಂದು, ಮೈಮೇಲೇನಿತ್ತು, ಕಾಲಲ್ಲೇನಿತ್ತು. ಮೊದಲು ಇದೆಲ್ಲ ನೋಟುಪುಸ್ತಕದಲ್ಲಿತ್ತು. ನಗರದಿಂದ ಬಂದ ಯಾರೋ ಅದನ್ನು ಅವಸರದಲ್ಲಿ ಕಂಪ್ಯೂಟರಿಗೆ ಏರಿಸಿ ಗಂಡನನ್ನು ಮಗ ಮಾಡಿದ್ದರು, ಮಾರ್ಚ್ ತಿಂಗಳನ್ನು ಮೇ ಮಾಡಿದ್ದರು. ಆಗಲೇ ಲಿಯೊನೋರ್ ಹಟ ಹಿಡಿದದ್ದು, ಅವರವರ ಮನೆಯವರ ಸಾಲನ್ನು ಅವರವರೇ ಬರೆಯಲಿ, ಅವರೇ ತಿದ್ದಲಿ ಎಂದು. ಬೇರೆಯವರ ಕೈಯಲ್ಲಿ ಬರೆಸಿದರೆ ಅದು ಸುದ್ದಿ, ತನ್ನ ಕೈಯಲ್ಲಿ ಬರೆದರೆ ಸಾಕ್ಷಿ ಎಂಬುದು ಅವರ ಮಾತು. ಒತ್ತಿದರೆ ಆಗಿಬಿಡುವ ಗುಂಡಿಗಳನ್ನು ಬೇಕೆಂದೇ ಇಟ್ಟಿರಲಿಲ್ಲ. ಗುಂಡಿ ಒತ್ತುವವನು ಯೋಚಿಸುವುದಿಲ್ಲ, ಅಕ್ಷರ ಅಕ್ಷರ ಬರೆಯುವವಳು ಯೋಚಿಸಿಯೇ ಯೋಚಿಸುತ್ತಾಳೆ ಎನ್ನುತ್ತಿದ್ದರು.

ಅದಕ್ಕೊಂದು ಕಟ್ಟುಪಾಡೂ ಇತ್ತು. ದೊಡ್ಡ ಪಟ್ಟಿಯಲ್ಲಿ ಯಾರೇ ಏನೇ ತಿದ್ದಲಿ, ಖಾಯಂ ಎನ್ನುವ ಮುಂಚೆ ಇನ್ನೊಂದು ಸಣ್ಣ ಪಟ್ಟಿಗೆ ಒಂದು ಸಾಲು ಸೇರಿಸಬೇಕು: ಮೊದಲು ಏನಿತ್ತು, ಈಗ ಏನಾಯಿತು, ತಿದ್ದಿದ್ದು ಯಾರು, ಕಾರಣವೇನು. ಸಂಜೆ ಎಲ್ಲರೂ ತಿಂತೊ ಎಂಬ ಕರಿಕಾಫಿ ಕುಡಿದ ಮೇಲೆ, ಆ ದಿನದ ತಿದ್ದುಪಡಿಗಳನ್ನು ಒಬ್ಬರು ನಿಂತು ಓದುತ್ತಿದ್ದರು. ಹಿಂದೆ, ಊರೆಲ್ಲ ಬಾಯಿ ಬಿಡಲು ಹೆದರುತ್ತಿದ್ದ ದಿನಗಳಲ್ಲೂ, ಇದೇ ಹೆಂಗಸರು ಚರ್ಚಿನ ಮೆಟ್ಟಿಲ ಮೇಲೆ ಕೂತು ಹೋದವರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಆ ಅಭ್ಯಾಸವೇ ಇಲ್ಲಿಗೂ ಬಂದಿತ್ತು.

ರುಬಿಯೇಲಾಳ ಸಾಲಿನ ಸಂಖ್ಯೆ ಎಪ್ಪತ್ತಮೂರು. ಹೆಸರು ಆರ್ಲೇ, ವಯಸ್ಸು ಹತ್ತೊಂಬತ್ತು, ಹೋದದ್ದು ಕಲ್ಲುಸೇತುವೆಯ ಬಳಿಯಿಂದ, ಡಿಸೆಂಬರ್ ಹದಿನಾರು. ಮೈಮೇಲೆ ಹಳದಿ ಅಂಗಿ, ನೀಲಿ ಜೀನ್ಸ್. ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ. ಆರ್ಲೇ ಅವಳ ತಮ್ಮ. ಸಾಲಿನಲ್ಲಿ ಇದ್ದದ್ದೆಲ್ಲ ನಿಜ, ಕೊನೆಯದೊಂದು ಬಿಟ್ಟು.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಕ್ರಿಸ್‌ಮಸ್ಸಿನ ಒಂಬತ್ತು ದಿನದ ಪ್ರಾರ್ಥನೆ ಶುರುವಾದ ದಿನ ಆರ್ಲೇ ನಾಲ್ಕು ತಿಂಗಳ ಮೇಲೆ ಮನೆಗೆ ಬಂದ. ಕಾಫಿ ಕೊಯ್ಲಿಗೆ ಹೋಗಿದ್ದಾನೆ ಎಂದು ಅಮ್ಮ ಊರಿಗೆಲ್ಲ ಹೇಳಿಕೊಂಡಿದ್ದಳು. ಅಂಗಿ ಜೀನ್ಸು ಮನೆಯದೇ, ಆದರೆ ಕಾಲಲ್ಲಿ ಮೀನಖಂಡದ ಅರ್ಧಕ್ಕೆ ಬರುವ ಕರಿ ಚರ್ಮದ ಬೂಟು. ಆ ಕಾಲದಲ್ಲಿ ಅಂಥ ಬೂಟು ಹಾಕುತ್ತಿದ್ದವರು ಯಾರೆಂದು ಸಾಂತಾ ಬ್ರೀಹಿದಾದ ಕೂಸಿಗೂ ಗೊತ್ತಿತ್ತು. ಬಂದೂಕು ಹಿಡಿದು ಲಾರಿಯಲ್ಲಿ ಬಂದು ಜನರನ್ನು ಒಯ್ಯುತ್ತಿದ್ದ ಅವರನ್ನು ಹೆಸರು ಹಿಡಿದು ಹೇಳಲೂ ಹೆದರಿ ಜನ 'ಬೂಟಿನವರು' ಎನ್ನುತ್ತಿದ್ದರು. ತಾನು ಮೂಟೆ ಹೊರುತ್ತಿದ್ದೆ ಅಷ್ಟೇ ಎಂದ ಆರ್ಲೇ. ಇನ್ನು ಹೋಗುವುದಿಲ್ಲ ಎಂದ. ಎಡಗಾಲಿನ ಬೂಟಿನ ಹಿಮ್ಮಡಿ ಕಿತ್ತುಹೋಗಿ ನಡೆದಾಗ ಚಪ್ಪಾಳೆ ತಟ್ಟಿದ ಹಾಗೆ ಸದ್ದಾಗುತ್ತಿತ್ತು. ರುಬಿಯೇಲಾ ಹಳೆಯ ಟೈರಿನ ತುಂಡು ಕತ್ತರಿಸಿ, ಐದು ಮೊಳೆ ಹೊಡೆದು ಅದನ್ನು ಗಟ್ಟಿ ಮಾಡಿಕೊಟ್ಟಳು. ಹಾಲಿನ ಸಿಹಿ ತಿಂದು ಅವನು ಗೆಳೆಯನನ್ನು ನೋಡಿ ಬರುತ್ತೇನೆಂದು ಹೊರಟ. ಸೇತುವೆ ದಾಟಿದವನನ್ನು ಆಮೇಲೆ ಯಾರೂ ಕಾಣಲಿಲ್ಲ.

ಬಿಟ್ಟು ಬಂದನೆಂದು ಬೂಟಿನವರೇ ಒಯ್ದರೋ, ಬೂಟು ನೋಡಿ ಅವರ ಶತ್ರುಗಳಾದ ಬೆಟ್ಟದ ಬಂಡಾಯಗಾರರು ಒಯ್ದರೋ, ಅದು ಅವಳಿಗೆ ಗೊತ್ತಿಲ್ಲ. ಮೂಟೆ ಹೊತ್ತದ್ದು ಬಿಟ್ಟರೆ ತಮ್ಮ ಇನ್ನೇನು ಮಾಡಿದ್ದ ಎಂಬುದೂ ಗೊತ್ತಿಲ್ಲ, ಕೇಳುವ ಧೈರ್ಯ ಅವತ್ತು ಅವಳಿಗೆ ಬರಲಿಲ್ಲ. ಬರೆದುಕೊಳ್ಳಲು ಬಂದವರು ಕಾಲಲ್ಲೇನಿತ್ತು ಎಂದು ಕೇಳಿದಾಗ ಅಮ್ಮ ಅವಳ ಮುಖ ನೋಡಿದಳು. ಬೂಟು ಎಂದರೆ ಊರು ಏನನ್ನುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ, ಏನೋ ಮಾಡಿದ್ದಕ್ಕೇ ಹೋದ ಎನ್ನುತ್ತದೆ. ರುಬಿಯೇಲಾ ಕ್ಯಾನ್ವಾಸ್ ಶೂ ಎಂದಳು. ಬಿಳಿಯದು ಎಂದೂ ಸೇರಿಸಿದಳು. ಸುಳ್ಳಿಗೆ ಬಣ್ಣ ಹಚ್ಚಿದರೆ ಬೇಗ ನಂಬುತ್ತಾರೆ. ಅಮ್ಮ ಎರಡು ವರ್ಷದ ಹಿಂದೆ ಆ ಬಿಳಿ ಶೂಗಳನ್ನೇ ಹೇಳಿಕೊಂಡು ಅಳುತ್ತಾ ತೀರಿಕೊಂಡಳು. ಕೊನೆಕೊನೆಗೆ ಅವಳೇ ಅದನ್ನು ನಂಬಿಬಿಟ್ಟಿದ್ದಳು.

ಗಿಲ್ಮಾಳ ಗಂಡ ಎವೆಲಿಯೊನ ಸಾಲು ಮೂವತ್ತೊಂದು. ಅವನನ್ನು ಒಯ್ದದ್ದು ಬೂಟಿನವರು. ಹಿತ್ತಲಿಗೆ ಹಿತ್ತಲು ತಾಗಿದ ಮನೆ, ಇಬ್ಬರೂ ಒಂದೇ ವರ್ಷ ತಮ್ಮವರನ್ನು ಕಳೆದುಕೊಂಡವರು, ಹತ್ತೊಂಬತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ಗಿಲ್ಮಾಳ ನಾಲಗೆಗೆ ಎಲುಬಿರಲಿಲ್ಲ, ನಿಜ. ಆದರೆ ಅಮ್ಮ ಮಲಗಿದ್ದಲ್ಲೇ ಆದಾಗ ದಿನವೂ ಬಂದು ಮೈ ಒರೆಸುತ್ತಿದ್ದವಳೂ ಗಿಲ್ಮಾಳೇ.

ಕೋಳಿಗಳ ಸಾಮೂಹಿಕ ಸಾವಾದ ಮರುವಾರ ಕಾಣೆಯಾದವರನ್ನು ಹುಡುಕುವ ನಗರದ ತಂಡದಿಂದ ಪತ್ರ ಬಂತು. ನದಿಯ ತಿರುವಿನಲ್ಲಿ ನೆಲ ಅಗೆದಿದ್ದರು. ಹನ್ನೊಂದು ಪೆಟ್ಟಿಗೆ ಮೂಳೆ ಸಿಕ್ಕಿತ್ತು. ಉಗ್ರಾಣದಲ್ಲಿ ಇಂಥ ಪೆಟ್ಟಿಗೆಗಳು ಸಾವಿರಾರು. ಯಾವ ಪೆಟ್ಟಿಗೆಯ ಮೂಳೆಗೆ ಯಾರ ಮನೆಯ ರಕ್ತ ಹೋಲಿಸಿ ನೋಡಬೇಕು ಎಂದು ಮೊದಲು ಆರಿಸುವುದು ಪಟ್ಟಿಯ ಸಾಲುಗಳನ್ನು ನೋಡಿಯೇ. ಆದ್ದರಿಂದ ತಿಂಗಳ ಕೊನೆಯ ಗುರುವಾರದೊಳಗೆ ಎಲ್ಲರೂ ತಮ್ಮ ಸಾಲು ಸರಿನೋಡಿ ಕಳಿಸಬೇಕು ಎಂದಿತ್ತು. ಜೊತೆಗೆ ಪೆಟ್ಟಿಗೆಗಳಲ್ಲಿ ಸಿಕ್ಕ ವಸ್ತುಗಳ ವಿವರ. ಲಿಯೊನೋರ್ ಕನ್ನಡಕ ಏರಿಸಿ ಓದಿದರು. ಮೂರನೆಯದರಲ್ಲಿ ಬಾಚಣಿಗೆ. ಐದನೆಯದರಲ್ಲಿ ಜಪಸರ. ಎಂಟನೆಯದರಲ್ಲಿ ಕರಿ ಚರ್ಮದ ಬೂಟು ಒಂದು ಜೊತೆ, ಎಡ ಹಿಮ್ಮಡಿಗೆ ಟೈರಿನ ತುಂಡು, ಐದು ಮೊಳೆ.

ರುಬಿಯೇಲಾ ಲೋಟ ಕೆಳಗಿಟ್ಟು, ಬೆರಳು ಮಡಿಸಿ ಐದರವರೆಗೆ ಎಣಿಸಿದಳು. ಯಾರೂ ಗಮನಿಸಲಿಲ್ಲ, ಏಕೆಂದರೆ ಎಲ್ಲರೂ ಗಿಲ್ಮಾಳತ್ತ ನೋಡುತ್ತಿದ್ದರು.

"ಎಂಟನೇದು ನಮ್ಮೋರದ್ದಲ್ಲ ಬಿಡಿ," ಎಂದಳು ಗಿಲ್ಮಾ, ಎಂದಿನ ತಮಾಷೆಯಿಲ್ಲದ ದನಿಯಲ್ಲಿ. "ನಮ್ಮೋರನ್ನ ತಿಂದೋನದ್ದು. ಅವನಿಗೆ ಹೆಸರು ಹುಡುಕೋ ಪಾಡು ನಮಗೆ ಬೇಡ. ಅಲ್ಲೇ ಇರ್ಲಿ."

ಲಿಯೊನೋರ್ ಒಂಬತ್ತನೆಯದನ್ನು ಓದಿದರು.

ಅಂದಿನಿಂದ ರುಬಿಯೇಲಾಳಿಗೆ ಹಿಟ್ಟಿನ ಮೇಲೂ ಗಮನವಿಲ್ಲ, ಒಲೆಯ ಮೇಲೂ ಇಲ್ಲ. ಅರೆಪಾ ಸೀದುಹೋಗುತ್ತಿದ್ದವು. ಎಂಟನೆಯ ಪೆಟ್ಟಿಗೆ ಉಗ್ರಾಣದ ಯಾವುದೋ ಮರದ ಹಲಗೆಯ ಮೇಲೆ ಕೂತಿದೆ, ಅದಕ್ಕೂ ಎಪ್ಪತ್ತಮೂರನೆಯ ಸಾಲಿಗೂ ನಡುವೆ ಅಡ್ಡ ನಿಂತಿರುವುದು ತಾನು ಹೇಳಿದ ಒಂದು ಜೊತೆ ಬಿಳಿ ಶೂ. ತಿದ್ದಿದರೆ ತಮ್ಮ ಮನೆಗೆ ಬರಬಹುದು. ಬಂದರೆ ಬೂಟು ಹಾಕಿಕೊಂಡೇ ಬರುತ್ತಾನೆ, ಗಿಲ್ಮಾಳ ಕಣ್ಣೆದುರೇ. ತಿದ್ದದಿದ್ದರೆ ಮಾನ ಉಳಿಯುತ್ತದೆ, ಗೆಳತಿ ಉಳಿಯುತ್ತಾಳೆ, ತಮ್ಮ ಮಾತ್ರ ಸಂಖ್ಯೆಯಾಗಿಯೇ ಉಳಿಯುತ್ತಾನೆ. ಅತ್ತ ದರಿ ಇತ್ತ ಪುಲಿ ಎಂದರೆ ಇದೇ.

ಅವಳು ಗುರುವಾರಗಳಲ್ಲದೆ ಬೇರೆ ದಿನವೂ ಮಾರಾಟ ಮುಗಿಸಿ ಬಂದು ಕೋಳಿಗಳ ಮೇಲೆ ಅಭ್ಯಾಸ ಮಾಡತೊಡಗಿದಳು. ಸೇರಿಸುವುದಿಲ್ಲ, ತಿದ್ದುವುದು ಮಾತ್ರ. ತಿದ್ದು ಕೋಳಿಗಳು, ಬಣ್ಣ ಕಂದು, ಯಾರದ್ದು ಸಂಖ್ಯೆ ಹನ್ನೆರಡರದ್ದು. ಒಂದು ಸಾಲು ಬದಲಾಯಿತು. ಬೇಡ. ಮತ್ತೆ ಮೊದಲಿನಿಂದ. ಗಿಲ್ಮಾಳಿಗೆ ಇದು ಮಜವಾಗಿ ಕಂಡಿತು. ತನ್ನ ಕೋಳಿಗಳು ಇವಳ ದೆಸೆಯಿಂದ ದಿನಕ್ಕೆ ಹತ್ತು ಸಲ ಅಂಗಿ ಬದಲಿಸಿದ ಹಾಗೆ ಬಣ್ಣ ಬದಲಿಸುತ್ತಿವೆ ಎಂದು ಎಲ್ಲರ ಮುಂದೆ ಆಡಿಕೊಂಡಳು. ತನ್ನ ಸಾಲಂತೂ ಗಾರೆಯವನ ತೂಗುಗುಂಡಿನಷ್ಟು ನೆಟ್ಟಗಿದೆ, ತನಗೆ ಸೇರಿಸು ಒಂದು ಬಂದರೆ ಸಾಕು, ತಿದ್ದುವ ವಿದ್ಯೆ ತಪ್ಪು ಮಾಡಿದವರಿಗೆ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ರುಬಿಯೇಲಾ ಕೆಂಪಾದಳು.

ಒಂದು ಮಂಗಳವಾರ ಅವಳು ಲಿಯೊನೋರ್ ಒಬ್ಬರೇ ಇದ್ದಾಗ ಕೇಳಿಯೂ ನೋಡಿದಳು. ಕಾರಣ ಬರೆಯದೆ ತಿದ್ದಲು ಬರುತ್ತದೆಯೇ, ಸಣ್ಣ ತಿದ್ದುಪಡಿಯಾದರೆ, ಒಂದೇ ಪದವಾದರೆ.

"ಯಂತ್ರ ಬಿಡತ್ತೆ ಕಣಮ್ಮ. ನಾನು ಬಿಡಲ್ಲ," ಎಂದರು ಲಿಯೊನೋರ್. "ಒಂದ್ಸಲ ನಮ್ಮೋರನ್ನ ಸದ್ದಿಲ್ದೆ ಮಾಯ ಮಾಡಿದ್ರು. ಈ ಮನೇಲಿ ಒಂದು ಅಕ್ಷರಾನೂ ಸದ್ದಿಲ್ದೆ ಮಾಯ ಆಗ್ಬಾರದು."

ಯಾವ ಪದ, ಯಾರ ಸಾಲು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ರುಬಿಯೇಲಾ ಅಲ್ಲೇ ಎಲ್ಲ ಹೇಳಿ ಹಗುರಾಗಿಬಿಡುತ್ತಿದ್ದಳೇನೋ. ಲಿಯೊನೋರ್ ಅಷ್ಟು ಸುಲಭವಾಗಿ ಯಾರ ಭಾರವನ್ನೂ ಇಳಿಸಿಕೊಡುವವರಲ್ಲ.

ತಿಂಗಳ ಕೊನೆಯ ಗುರುವಾರ ಬಂತು. ಕಿಟಕಿಯ ಪಕ್ಕದ ಯಂತ್ರದ ಮುಂದೆ ರುಬಿಯೇಲಾ ಕೂತಳು, ಪಕ್ಕದಲ್ಲಿ ಲಿಯೊನೋರ್. ಗಿಲ್ಮಾ ಆಚೆ ಮೇಜಿನಲ್ಲಿ ಯಾರಿಗೋ ಮೊಟ್ಟೆ ಕೊಡುತ್ತಾ ಅವುಗಳ ಗುಣಗಾನ ಮಾಡುತ್ತಿದ್ದಳು. ರುಬಿಯೇಲಾ ಕೈಗಳನ್ನು ಮೇಲಂಗಿಗೆ ಎರಡು ಸಲ ಒರೆಸಿಕೊಂಡಳು. ತಿದ್ದು. ಕಾಲಲ್ಲಿ: ಕರಿ ಚರ್ಮದ ಬೂಟು, ಎಡ ಹಿಮ್ಮಡಿಗೆ ಟೈರಿನ ತುಂಡು, ಐದು ಮೊಳೆ. ಲಿಯೊನೋರ್ ಕನ್ನಡಕ ಏರಿಸಿ ಪರದೆಯನ್ನು ಇನ್ನೊಮ್ಮೆ ಓದಿದರು. ಅವರು ಅಂದದ್ದು ಮಾತ್ರ ಎಂದಿನದನ್ನೇ.

"ಯಾರದ್ದು?"

ಸಂಖ್ಯೆ ಎಪ್ಪತ್ತಮೂರರದ್ದು, ಎಂದು ಬರೆದಳು ರುಬಿಯೇಲಾ. ಒಂದು ಸಾಲು ಬದಲಾಯಿತು.

ಇನ್ನು ಸಣ್ಣ ಪಟ್ಟಿ. ಮೊದಲು ಏನಿತ್ತು: ಬಿಳಿ ಕ್ಯಾನ್ವಾಸ್ ಶೂ. ತಿದ್ದಿದವರು: ರುಬಿಯೇಲಾ. ಕಾರಣದ ಜಾಗಕ್ಕೆ ಬಂದಾಗ ಅವಳ ಬೆರಳುಗಳು ತಾವಾಗಿಯೇ ಓಡಿದವು, ಬಹುಶಃ ಮೂರು ವಾರದಿಂದ ಅವಳಿಗೆ ಗೊತ್ತಿಲ್ಲದೆ ಅದನ್ನೇ ಯೋಚಿಸಿಟ್ಟುಕೊಂಡಿದ್ದವು. 'ಬೆರಳಚ್ಚಿನ ತಪ್ಪು' ಎಂದು ಬರೆದವು. ಎಷ್ಟು ಚೆನ್ನಾಗಿ ಹೊಂದಿತು ನೋಡಿ. ನಗರದವರು ಮಾರ್ಚನ್ನು ಮೇ ಮಾಡಿದ್ದು ಎಲ್ಲರಿಗೂ ಗೊತ್ತು, ಬೂಟನ್ನು ಶೂ ಮಾಡಿದ್ದರೆ ಯಾರು ಕೇಳುತ್ತಾರೆ. ತಪ್ಪೆಲ್ಲ ಊರಿಲ್ಲದ, ಹೆಸರಿಲ್ಲದ ಯಾರದೋ ಬೆರಳಿನ ಮೇಲೆ ಹೋಗುತ್ತಿತ್ತು.

ಲಿಯೊನೋರ್ ಪರದೆ ನೋಡಿದರು. ಎದ್ದು ಹೋಗಿ ಲೋಟಕ್ಕೆ ತಿಂತೊ ಬಗ್ಗಿಸಿಕೊಂಡು ಅಲ್ಲೇ ನಿಂತರು.

ರುಬಿಯೇಲಾ ಒಬ್ಬಳೇ ಕೂತಳು. ಬಿಳಿ ಶೂಗಳನ್ನು ಹೇಳಿಕೊಂಡು ಅತ್ತ ಅಮ್ಮ ನೆನಪಾದಳು. ಒಂದು ಸುಳ್ಳನ್ನು ತಿದ್ದಲು ಇನ್ನೊಂದನ್ನು ಸೇರಿಸುತ್ತಿದ್ದೇನೆ ಅನ್ನಿಸಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಐದು ಮೊಳೆ ಹೊಡೆದ ಕೈ ಇದೇ. ಆ ಮೊಳೆಗಳು ಹತ್ತೊಂಬತ್ತು ವರ್ಷ ಮಣ್ಣಿನಲ್ಲಿದ್ದೂ ಕಳಚದೆ, ತಾವು ಇಂಥವನವು ಎಂದು ಹೇಳಲು ಕಾದು ಕೂತಿದ್ದವು. ಕಬ್ಬಿಣಕ್ಕಿರುವ ನಿಯತ್ತು ತನಗಿಲ್ಲವಲ್ಲ ಎಂದುಕೊಂಡಳು. ಬರೆದದ್ದನ್ನು ಒಂದೊಂದೇ ಅಕ್ಷರ ಅಳಿಸಿದಳು. ಮತ್ತೆ ಬರೆದಳು, ಈ ಸಲ ನಿಧಾನವಾಗಿ: 'ಶೂ ಎಂದದ್ದು ಸುಳ್ಳು. ಬೂಟನ್ನು ನಾನೇ ರಿಪೇರಿ ಮಾಡಿದ್ದೆ. ಊರು ಏನನ್ನುತ್ತದೋ ಎಂದು ಹೆದರಿದ್ದೆ.' ಒಂದು ಸಾಲು ಸೇರಿತು. ಖಾಯಂ.

ಸಂಜೆ ಓದುವಾಗ ಲಿಯೊನೋರ್ ತಾವು ಓದಲೇ ಎಂದು ಕಣ್ಣಲ್ಲೇ ಕೇಳಿದರು. ರುಬಿಯೇಲಾ ಬೇಡವೆಂದು ತಲೆಯಾಡಿಸಿ ತಾನೇ ಎದ್ದಳು. ಆ ದಿನ ತಿದ್ದುಪಡಿ ಇದ್ದದ್ದು ಒಂದೇ. ಓದಿ ಮುಗಿಸಲು ಅರ್ಧ ನಿಮಿಷ ಹಿಡಿಯಿತು.

ಗಿಲ್ಮಾ ಲೋಟ ಕೆಳಗಿಟ್ಟಳು. ಮೊಟ್ಟೆಯ ಬುಟ್ಟಿ ಎತ್ತಿಕೊಂಡಳು. ಬಾಗಿಲ ಬಳಿ ನಿಂತು, ತಿರುಗಿ ನೋಡದೆ, "ನನ್ನ ಒಲೆ ಮುಂದೆ ಕೂತು ಉಂಡ್ಯಲ್ಲೇ," ಎಂದಳು. "ಅಷ್ಟು ವರ್ಷ."

ಆಮೇಲೆ ಎರಡು ಗುರುವಾರ ಗಿಲ್ಮಾ ಬರಲಿಲ್ಲ. ಬೆಳಿಗ್ಗೆ ಅರೆಪಾ ಕೊಳ್ಳಲೂ ಬರಲಿಲ್ಲ. ಅವಳು ಸಂತೆ ಬೀದಿ ಸುತ್ತಿ, ಬಸ್ ನಿಲ್ದಾಣ ತಪ್ಪಿಸಿ ಹೋಗುವುದನ್ನು ರುಬಿಯೇಲಾ ಹೊಗೆಯ ನಡುವಿನಿಂದ ನೋಡಿದಳು. ಇಬ್ಬರ ಹಿತ್ತಲ ನಡುವಿನ ಬೇಲಿಯ ಗೇಟಿಗೆ ಅವಳು ತಂತಿ ಸುತ್ತಿದ್ದಳು. ಬಸ್ ನಿಲ್ದಾಣದಲ್ಲಿ ಇಬ್ಬರು ಗಂಡಸರು ಅವಳಿಗೆ ಕೇಳಲೆಂದೇ ಬೂಟಿನ ಮಾತೆತ್ತಿದರು. ಅದು ಅವಳಿಗೆ ಅಷ್ಟು ನೋಯಲಿಲ್ಲ, ಊರ ಬಾಯಿಗೆ ಬೀಗ ಹಾಕಲು ಆಗುವುದಿಲ್ಲ. ನೋಯುತ್ತಿದ್ದದ್ದು ಆ ತಂತಿ. ತಿದ್ದಿದ್ದಕ್ಕೆ ಪಶ್ಚಾತ್ತಾಪವಾಯಿತೇ ಎಂದು ಅವಳು ತನ್ನನ್ನು ತಾನೇ ಕೇಳಿಕೊಂಡಳು. ಆಗಿರಲಿಲ್ಲ. ಆದರೆ ಗಿಲ್ಮಾಳಿಗಾಗಿ ದಿನವೂ ಎರಡು ಅರೆಪಾ ತೆಗೆದಿಡುವುದನ್ನು ಬಿಡಲೂ ಆಗಲಿಲ್ಲ. ಅವು ಒಲೆಯಂಚಿನಲ್ಲಿ ಒಣಗಿ ಕಲ್ಲಾಗುತ್ತಿದ್ದವು.

ಎಂಟನೆಯ ಪೆಟ್ಟಿಗೆಗೆ ಎಪ್ಪತ್ತಮೂರನೆಯ ಸಾಲಿನ ಮನೆಯವರ ರಕ್ತ ಬೇಕು ಎಂದು ನಗರದಿಂದ ಕರೆ ಬಂದಿತ್ತು. ಬೆರಳು ಚುಚ್ಚಿಸಿಕೊಂಡು ಬಂದದ್ದಾಗಿತ್ತು. ಉತ್ತರ ಬರಲು ತಿಂಗಳುಗಳು ಬೇಕು. ಇಷ್ಟು ವರ್ಷ ಕಾದವಳಿಗೆ ಅದೇನು ಲೆಕ್ಕ.

ಮೂರನೆಯ ಗುರುವಾರ ಎಲ್ಲರೂ ಕೂತಾದ ಮೇಲೆ ಗಿಲ್ಮಾ ಬಂದಳು. ಬುಟ್ಟಿ ಇರಲಿಲ್ಲ, ಮಾತೂ ಇರಲಿಲ್ಲ. ನೇರವಾಗಿ ಬಂದು ರುಬಿಯೇಲಾಳ ಪಕ್ಕದ ತನ್ನ ಹಳೆಯ ಕುರ್ಚಿಯಲ್ಲಿ ಕೂತು, ಪರದೆಯನ್ನೇ ನೋಡುತ್ತಾ ಹೇಳಿದಳು.

"ಆ ಬೂಟಿಂದು ನಾನಿನ್ನೂ ನುಂಗಿಲ್ಲ. ನುಂಗ್ತೀನಿ ಅಂತಾನೂ ಅನ್ಕೋಬೇಡ."

ಸರಿ ಎಂದಳು ರುಬಿಯೇಲಾ.

"ಆ ತಿದ್ದೋದಿದ್ಯಲ್ಲ. ಅದನ್ನ ತೋರ್ಸು."

ರುಬಿಯೇಲಾ ಕೋಳಿಗಳ ಪಟ್ಟಿ ತೆರೆಯಲು ಹೋದಳು. ಯಾವ ಕೋಳಿ ಎಂದು ಕೇಳಿದಳು. ಗಿಲ್ಮಾ ಕೈ ಅಡ್ಡ ಹಿಡಿದಳು.

"ಕೋಳಿ ಅಲ್ಲ."

ರುಬಿಯೇಲಾ ಲಿಯೊನೋರ್ ಕಡೆ ನೋಡಿದಳು. ಅವರು ತಿಂತೊ ಲೋಟದೊಳಗೆ ಏನೋ ಹುಡುಕುತ್ತಿರುವವರಂತೆ ಬಗ್ಗಿಕೊಂಡಿದ್ದರು. ರುಬಿಯೇಲಾ ದೊಡ್ಡ ಪಟ್ಟಿ ತೆರೆದಳು. ಮೂವತ್ತೊಂದನೆಯ ಸಾಲು ಬಂತು. ಎವೆಲಿಯೊ, ನಲವತ್ತೆರಡು. ಎಲ್ಲಿಂದ ಹೋದದ್ದು: ಮನೆಯಿಂದ, ಊಟಕ್ಕೆ ಕೂತಿದ್ದಾಗ. ಹತ್ತೊಂಬತ್ತು ವರ್ಷದಿಂದ ಊರಿಗೆಲ್ಲ ಬಾಯಿಪಾಠವಾಗಿದ್ದ ಕತೆ ಅದು. ತಟ್ಟೆಯಲ್ಲಿ ಏನಿತ್ತು ಎಂಬುದನ್ನೂ ಗಿಲ್ಮಾ ಹೇಳುತ್ತಿದ್ದಳು, ಹುರುಳಿಕಾಯಿ ಪಲ್ಯ ಮತ್ತು ಅನ್ನ.

ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ, ಗಿಲ್ಮಾ ಬರೆದಳು. ತಿದ್ದು. ಎಲ್ಲಿಂದ: ಇಟ್ಟಿಗೆ ಗೂಡಿನ ದಾರಿಯಿಂದ, ಅವನ ಅಣ್ಣನ ಮನೆಗೆ ಹೋಗುವಾಗ. ಇಟ್ಟಿಗೆ ಗೂಡು ಇರುವುದು ಊರಿನ ಇನ್ನೊಂದು ತುದಿಯಲ್ಲಿ, ನದಿಯಿಂದ ಬಹುದೂರ. ಇಷ್ಟು ವರ್ಷ ಎವೆಲಿಯೊಗಾಗಿ ಅತ್ತ ಯಾರೂ ಒಂದು ಗುದ್ದಲಿ ಹಾಕಿರಲಿಲ್ಲ.

"ಯಾರದ್ದು ಅಂತ ಬರಿ," ಎಂದಳು ರುಬಿಯೇಲಾ ಮೆಲ್ಲಗೆ.

"ಗೊತ್ತು ಕಣೇ. ನಿನ್ನ ಹಂಗೆ ಊರೆಲ್ಲ ಸಾರಿಗೆ ಹಾಕೋಳಲ್ಲ ನಾನು."

ಒಂದು ಸಾಲು ಬದಲಾಯಿತು. ಸಣ್ಣ ಪಟ್ಟಿ ತೆರೆಯಿತು. ಮೊದಲಿದ್ದದ್ದು, ಈಗಿನದು, ಹೆಸರು, ಎಲ್ಲ ತುಂಬಿ ಗಿಲ್ಮಾಳ ಬೆರಳು ಕಾರಣದ ಬಳಿ ನಿಂತುಬಿಟ್ಟಿತು. ಅಲ್ಲಿ ಗೆರೆಯೊಂದು ಮಿನುಗುತ್ತಾ ಕಾಯುತ್ತಿತ್ತು.

"ನೀನೇನ್ ಬರ್ದಿದ್ದೆ ಇಲ್ಲಿ?"

"ಹೆದರಿದ್ದೆ ಅಂತ."

ಗಿಲ್ಮಾ ತಲೆಯಾಡಿಸಿದಳು. ತನ್ನದು ಹೆದರಿಕೆ ಅಲ್ಲ ಎಂದಳು. ಸ್ವಲ್ಪ ಹೊತ್ತು ತನ್ನ ಎರಡೂ ಕೈ ನೋಡಿಕೊಂಡಳು, ಆಮೇಲೆ ಬರೆದಳು. ಬಹಳ ಹೊತ್ತು ಹಿಡಿಯಿತು. ರುಬಿಯೇಲಾ ಬೇರೆ ಕಡೆ ಮುಖ ತಿರುಗಿಸಬೇಕೆಂದುಕೊಂಡಳು, ಆದರೆ ಕಣ್ಣು ಕೇಳಲಿಲ್ಲ. ಪರದೆಯ ಮೇಲೆ ಒಂದೊಂದೇ ಅಕ್ಷರ ಬಂತು: 'ಜಗಳವಾಗಿತ್ತು. ಮುಸ್ಸಂಜೆ ಬಂದು ಬಾಗಿಲು ಬಡಿದ. ನಾನು ತೆಗೆಯಲಿಲ್ಲ.'

ರುಬಿಯೇಲಾ ಅವಳ ತೋಳಿನ ಮೇಲೆ ಕೈಯಿಟ್ಟಳು. ಗಿಲ್ಮಾ ಆ ಕೈಯನ್ನು ತಳ್ಳಲಿಲ್ಲ, ಹಿಡಿಯಲೂ ಇಲ್ಲ. ಖಾಯಂ ಎಂದು ಬರೆದು ಕೀಲಿ ಒತ್ತಿದಳು.

ಆ ಸಂಜೆ ತಿಂತೊ ಆದ ಮೇಲೆ ಲಿಯೊನೋರ್ ಹಾಳೆ ಹಿಡಿದು ಎದ್ದು, ಗಿಲ್ಮಾಳನ್ನು ನೀನೇ ಓದುತ್ತೀಯಾ ಅಥವಾ ನಾನು ಓದಲೇ ಎಂದು ಕೇಳಿದರು. ಗಿಲ್ಮಾ ಎರಡೂ ಬೇಡವೆಂದು ಕೈಯಾಡಿಸಿದಳು. ನೆಲ ನೋಡುತ್ತಾ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ರುಬಿಯೇಲಾ ಓದ್ಲಿ."

ರುಬಿಯೇಲಾ ಎದ್ದು ನಿಂತು ಓದಿದಳು. ಒಂದು ಪದವನ್ನೂ ಬಿಡಲಿಲ್ಲ, ಯಾವುದನ್ನೂ ಮೆಲ್ಲಗೆ ಮಾಡಲಿಲ್ಲ. ಅವಳು ಓದಿ ಕೂರುವಷ್ಟರಲ್ಲಿ ಹಿಂದಿನ ಬೆಂಚಿನ ಇನ್ನೊಬ್ಬಳು, ಇದುವರೆಗೆ ಸೇರಿಸು ಒಂದೇ ಕಲಿತಿದ್ದವಳು, ಕುರ್ಚಿ ಎಳೆದುಕೊಂಡು ಯಂತ್ರದ ಹತ್ತಿರ ಬಂದು ಕೂತಿದ್ದಳು.